ಹಳೆಯ ಮಾಡ್ಯೂಲುಗಳ ನಿವೃತ್ತಿ: ರೋಣ, ನರಗುಂದ, ಗಜೇಂದ್ರಗಡದ ಕೆಲವು ಪದಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಮುಕ್ತ ತಂತ್ರಾಂಶದ ಲೈಬ್ರರಿಯೊಂದರಿಂದ ಹಳೆಯ ಮಾಡ್ಯೂಲನ್ನು ತೆಗೆಯುವ ಮಾತು ಬಂದಾಗ ನಿರ್ವಾಹಕರು ಮೊದಲು ಕೇಳುವ ಪ್ರಶ್ನೆ, ಇದನ್ನು ಈಗ ಯಾರು ಬಳಸುತ್ತಿದ್ದಾರೆ ಎಂಬುದು. ಎಷ್ಟು ಮಂದಿ ಇಳಿಸಿಕೊಂಡರು, ಎಷ್ಟು ಪ್ರೋಗ್ರಾಮುಗಳು ಇದನ್ನು ಕರೆಯುತ್ತವೆ, ಕಳೆದ ವರ್ಷ ದೂರುಗಳು ಬಂದವೇ ಎಂದು ನೋಡುತ್ತಾರೆ. ಕನ್ನಡ ಪಠ್ಯಕ್ಕೆ ಸಂಬಂಧಿಸಿದ ಮಾಡ್ಯೂಲುಗಳ ವಿಷಯದಲ್ಲಿ ಈ ಎಣಿಕೆ ದಾರಿ ತಪ್ಪಿಸುತ್ತದೆ ಎಂಬುದು ಈ ಟಿಪ್ಪಣಿಯ ವಾದ. ಎಣಿಕೆಗೆ ಸಿಗುವುದು ಓಡುತ್ತಿರುವ ಪ್ರೋಗ್ರಾಮು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮಲಗಿರುವ ಫೈಲು ಯಾವ ಎಣಿಕೆಗೂ ಸಿಗುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಈ ಮಾಡ್ಯೂಲು ಹೋದರೆ ಯಾವುದನ್ನು ಮುಂದೆ ಓದಲಾಗುವುದಿಲ್ಲ?

ಪರೀಕ್ಷೆಗೆ ಗದಗ ಜಿಲ್ಲೆಯ ಉತ್ತರ ಭಾಗದ ಮೂರು ಊರುಗಳ ಸುತ್ತಣ ಪದಗಳನ್ನು ಆರಿಸಿಕೊಂಡಿದ್ದೇನೆ. ಇಲ್ಲಿ ಕಂಪ್ಯೂಟರ್ ಕನ್ನಡ ಬೆಳೆದದ್ದು ಬಹುಮಟ್ಟಿಗೆ ಡಿಟಿಪಿ ಅಂಗಡಿಗಳಲ್ಲಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆಯ ಸ್ಮರಣಸಂಚಿಕೆ, ನೇಕಾರರ ಸಂಘದ ವಾರ್ಷಿಕ ವರದಿ, ನರಗುಂದದಲ್ಲಿ ಜುಲೈ 21ರ ಹುತಾತ್ಮ ರೈತರ ದಿನದ ಕರಪತ್ರ: ಇಂಥವು ಗ್ರಂಥಾಲಯಕ್ಕೆ ಹೋಗುವುದಿಲ್ಲ, ವೆಬ್‌ಸೈಟಿಗೂ ಏರುವುದಿಲ್ಲ. ಸ್ಥಳೀಯ ಚರಿತ್ರೆ ಬರೆಯುವವನಿಗೆ ಮಾತ್ರ ಇವೇ ಮೂಲ ಸಾಮಗ್ರಿ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಸರ್ಕಾರಿ ಕಚೇರಿಗಳಿಗೂ ಅಂಗಡಿಗಳಿಗೂ ಹರಡಿತು. ಮುದ್ರಣಾಲಯಗಳಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಇದ್ದವು. ಇವು ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕೂರಿಸಿಕೊಂಡಿದ್ದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಡಿಟಿಪಿಯವರು ಇದನ್ನೆಲ್ಲ ಒಟ್ಟಾಗಿ ‘ಆಸ್ಕಿ’ ಎನ್ನುತ್ತಾರೆ. ತಾಂತ್ರಿಕವಾಗಿ ಆ ಹೆಸರು ಸರಿಯಲ್ಲ, ಆದರೆ ಎಲ್ಲರಿಗೂ ತಿಳಿಯುವುದು ಅದೇ; ನಾನೂ ಅದನ್ನೇ ಬಳಸುತ್ತೇನೆ. ಯೂನಿಕೋಡ್ ಕನ್ನಡಕ್ಕೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟಿನೊಡನೆ ಬೆಂಬಲ ಬಂದಿತ್ತು. ಅಂಗಡಿಗಳು ಬದಲಾಗಲಿಲ್ಲ, ಏಕೆಂದರೆ ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ.

ಈಗ ರೋಣ ಎಂಬ ಪದವನ್ನು ನೋಡೋಣ. ಯೂನಿಕೋಡಿನಲ್ಲಿ ಸಾಮಾನ್ಯವಾಗಿ ಇದು ಮೂರು ಸಂಕೇತ: ರ, ಓತ್ವದ ಚಿಹ್ನೆ, ಣ. ನುಡಿಯ ಫೈಲಿನಲ್ಲಿ ಐದು: ರ-ದ ಒಡಲು, ಎತ್ವ, ಅದರ ಮುಂದೆ ಕೊಂಬು, ದೀರ್ಘ, ಕೊನೆಗೆ ಣ. ಓತ್ವವನ್ನು ಮೂರು ತುಂಡಾಗಿ ಬಿಡಿಸುವುದು ಹಳೆಯ ಫಾಂಟುಗಳ ಹುಚ್ಚಾಟ ಎಂದು ಎಣಿಸಬೇಕಾಗಿಲ್ಲ. ಯೂನಿಕೋಡ್ ತಾನೇ ಆ ಚಿಹ್ನೆಗೆ ಕೊಟ್ಟಿರುವ ಅಧಿಕೃತ ವಿಭಜನೆಯೂ ಎತ್ವ, ಕೊಂಬು, ದೀರ್ಘ ಎಂಬ ಮೂರೇ. ಬಿಡಿಸಿದ ರೂಪದಲ್ಲಿ ಯೂನಿಕೋಡಿನ ರೋಣವೂ ಐದು ಸಂಕೇತವೇ ಆಗುತ್ತದೆ, ಅದೂ ಅದೇ ಕ್ರಮದಲ್ಲಿ. ಇಂಥ ಪದಕ್ಕೆ ಪರಿವರ್ತಕ ಮಾಡಬೇಕಾದ ಕೆಲಸ ಒಂದು ಕೋಷ್ಟಕ ನೋಡಿ ಬದಲಿ ಇಡುವುದು, ಆಮೇಲೆ ಕೂಡಿಸುವುದು. ನರಗುಂದಕ್ಕೂ ಅಷ್ಟೇ ಸಾಕು.

ಗಜೇಂದ್ರಗಡದ ಸಂಸ್ಥಾನಿಕರ ಮನೆತನದ ಹೆಸರು ಘೋರ್ಪಡೆ. ಇಲ್ಲಿ ಕೋಷ್ಟಕ ಸಾಲದು. ನಾವು ಉಚ್ಚರಿಸುವಾಗ ರ್ ಮೊದಲು, ಪ ಆಮೇಲೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನೇ ಇಡುತ್ತದೆ. ಕಾಗದದ ಮೇಲೆ ಅರ್ಕಾವತ್ತು ಪ-ದ ಬಲಕ್ಕೆ ಕೂರುತ್ತದೆ. ಆಸ್ಕಿ ಫೈಲು ಕಣ್ಣಿಗೆ ಕಂಡ ಕ್ರಮವನ್ನು ಇಡುತ್ತದೆ. ಪರಿವರ್ತಕವು ಅರ್ಕಾವತ್ತನ್ನು ಎತ್ತಿ, ಹಿಂದಿನ ಇಡೀ ಅಕ್ಷರವನ್ನು, ಅದಕ್ಕೆ ಸ್ವರಚಿಹ್ನೆ ಅಥವಾ ಒತ್ತಕ್ಷರ ಇದ್ದರೆ ಅವನ್ನೂ ದಾಟಿಸಿ, ಆ ಅಕ್ಷರಕ್ಕಿಂತ ಮೊದಲು ಇಡಬೇಕು. ಇದನ್ನು ಮರೆತ ಪರಿವರ್ತಕದಲ್ಲಿ ಹೆಸರು ‘ಘೋಪರ್ಡೆ’ ಆಗುತ್ತದೆ. ರೋಣ ತಾಲ್ಲೂಕಿನ ಸವಡಿಯವನೆಂದು ಗುರುತಿಸಲಾಗಿರುವ, 11ನೇ ಶತಮಾನದಲ್ಲಿ ಕನ್ನಡ ಪಂಚತಂತ್ರ ಬರೆದ ದುರ್ಗಸಿಂಹ ‘ದುಗರ್ಸಿಂಹ’ನಾಗುತ್ತಾನೆ. ವೆಬ್ಬಿನಲ್ಲಿ ಇಂದಿಗೂ ಆಗಾಗ ಕಣ್ಣಿಗೆ ಬೀಳುವ ‘ಕನಾರ್ಟಕ’ ಎಂಬ ರೂಪದ ಹುಟ್ಟೂ ಹೀಗೆಯೇ. ಸರ್ಚ್ ಮಾಡುವವರಿಗೆ ಘೋಪರ್ಡೆ ಸಿಗುವುದಿಲ್ಲ. ಅಂದರೆ ತಪ್ಪಾಗಿ ಪರಿವರ್ತಿತವಾದ ಫೈಲು ಇದ್ದೂ ಇಲ್ಲದಂತೆ.

ಆದ್ದರಿಂದ ಆಸ್ಕಿ ಓದುವ ಮಾಡ್ಯೂಲಿನಲ್ಲಿ ಎರಡು ಪದರಗಳಿವೆ. ಒಂದು ಕೋಷ್ಟಕ, ಇನ್ನೊಂದು ಸ್ಥಾನಪಲ್ಲಟದ ನಿಯಮ. ಕೋಷ್ಟಕವನ್ನು ಇಟ್ಟುಕೊಳ್ಳಲು ಖರ್ಚಿಲ್ಲ. ನಿಯಮದ ಭಾಗಕ್ಕೆ ಪರೀಕ್ಷೆ ಬೇಕು, ತಿದ್ದುವ ಮನುಷ್ಯರು ಬೇಕು. ನಿವೃತ್ತಿಯ ಚರ್ಚೆಯಲ್ಲಿ ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ತೂಗುವುದು ಬಹಳ ಕಡೆ ಕಾಣುವ ದೋಷ.

ದೊಡ್ಡ ಲೈಬ್ರರಿಗಳಲ್ಲಿ ಏನಾಯಿತು ಎಂಬುದಕ್ಕೆ ಐಸಿಯು ಒಳ್ಳೆಯ ಉದಾಹರಣೆ. ಐಬಿಎಂ 1999ರಲ್ಲಿ ಮುಕ್ತವಾಗಿಸಿದ ಈ ಲೈಬ್ರರಿ 2016ರಲ್ಲಿ ಯೂನಿಕೋಡ್ ಕನ್ಸಾರ್ಷಿಯಮ್ಮಿನ ಆಶ್ರಯಕ್ಕೆ ಬಂತು. ಅದರಲ್ಲಿ ಕನ್ನಡಕ್ಕೆ ಸಂಬಂಧಿಸಿದ ಎರಡು ಹಳೆಯ ಭಾಗಗಳಿದ್ದವು. ಒಂದು ಲೇಔಟ್ ಎಂಜಿನ್, ಅಂದರೆ ಒತ್ತಕ್ಷರ, ಅರ್ಕಾವತ್ತುಗಳನ್ನು ತಕ್ಕ ಜಾಗದಲ್ಲಿ ಕೂರಿಸಿ ಪರದೆಗೆ ಕೊಡುವ ಯಂತ್ರ. ಇನ್ನೊಂದು, 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಬರೆದ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕ. ಲೇಔಟ್ ಎಂಜಿನ್ನಿಗೆ 54ನೇ ಆವೃತ್ತಿಯಲ್ಲಿ ನಿವೃತ್ತಿಯ ಸೂಚನೆ ಬಂತು. 2016ರ 58ನೇ ಆವೃತ್ತಿಯಲ್ಲಿ ಅದನ್ನು ತೆಗೆದೇಬಿಟ್ಟರು. ಇಸ್ಕಿ ಪರಿವರ್ತಕ ಇಂದಿಗೂ ಉಳಿದಿದೆ.

ಬಳಕೆಯ ಎಣಿಕೆಯೊಂದನ್ನೇ ನಂಬಿದ್ದರೆ ತೀರ್ಪು ತಿರುಗುಮುರುಗಾಗಬೇಕಿತ್ತು. ಲೇಔಟ್ ಎಂಜಿನ್ನನ್ನು ಜಾವಾ, ಲಿಬ್ರೆಆಫೀಸ್ ಮೊದಲಾದ ಹೆಸರಾಂತ ತಂತ್ರಾಂಶಗಳು ಬಳಸುತ್ತಿದ್ದವು. ಇಸ್ಕಿ ಪಠ್ಯವನ್ನು ಹೊಸದಾಗಿ ಬರೆಯುವವರು ಎಲ್ಲೂ ಕಾಣುವುದಿಲ್ಲ. ತೀರ್ಪನ್ನು ನಡೆಸಿದ ಕಾರಣಗಳು ಬೇರೆ. ಲೇಔಟ್ ಎಂಜಿನ್ ಹೊರಗಿನಿಂದ ಬಂದ ಫಾಂಟುಗಳನ್ನು ನಂಬಿ ಓದುತ್ತಿತ್ತು. 2013ರಲ್ಲಿ ಜಾವಾದ ಭದ್ರತಾ ತಿದ್ದುಪಡಿಗಳಲ್ಲಿ ಅದರ ದೋಷಗಳು ಒಂದರ ಹಿಂದೊಂದು ಬಂದವು. ಜೊತೆಗೆ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವ ಹಾರ್ಫ್‌ಬಝ್ ಅಷ್ಟರಲ್ಲಿ ಬಲಿತಿತ್ತು. ಜಾವಾ 9 ಅದಕ್ಕೆ ಬದಲಾಯಿತು, ಲಿಬ್ರೆಆಫೀಸ್ 2017ರ 5.3ರಲ್ಲಿ ಎಲ್ಲ ಕಡೆಯೂ ಅದನ್ನೇ ಹಿಡಿಯಿತು. ಹಳೆಯ ಕರೆಗಳನ್ನು ನೆಚ್ಚಿಕೊಂಡವರಿಗೆಂದು ಒಳಗೆ ಹಾರ್ಫ್‌ಬಝ್ ಇಟ್ಟು ಹೊರಗೆ ಹಳೆಯ ಮುಖ ತೋರಿಸುವ ಒಂದು ಸಣ್ಣ ಲೈಬ್ರರಿಯನ್ನೂ ಬರೆದರು. ತೆಗೆದದ್ದರಿಂದ ಒಂದು ಕನ್ನಡ ಫೈಲೂ ಕಳೆದುಹೋಗಲಿಲ್ಲ. ಇಸ್ಕಿಯ ಸ್ಥಿತಿ ಹಾಗಲ್ಲ. ಅದನ್ನು ಕಿತ್ತರೆ ಓದುವ ದಾರಿಯೇ ಒಂದು ಕಡಿಮೆ. ಬೇಡವಾದವರಿಗೆ ಐಸಿಯುವಿನಲ್ಲಿ ಒಂದು ಸ್ವಿಚ್ ಇದೆ, ಹಳೆಯ ಪರಿವರ್ತಕಗಳನ್ನೆಲ್ಲ ಬಿಟ್ಟು ಲೈಬ್ರರಿಯನ್ನು ಕಟ್ಟಿಕೊಳ್ಳಬಹುದು. ತೆಗೆಯುವುದು, ಇಡುವುದು ಎಂಬ ಎರಡರ ನಡುವಿನ ಈ ಮೂರನೆಯ ದಾರಿಯನ್ನು ಸಣ್ಣ ಲೈಬ್ರರಿಗಳು ಯೋಚಿಸುವುದೇ ಅಪರೂಪ.

ಹಾರ್ಫ್‌ಬಝ್‌ನ ಒಳಗೇ ಕನ್ನಡದ ಹಳೆಯ ಋಣ ಇನ್ನೂ ಕುಳಿತಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಈ ಭಾಗದಲ್ಲಿ ಕನ್ನಡದ ಹೆಸರೆತ್ತಿ ಬರೆದ ಸಾಲುಗಳಿವೆ. ಓಪನ್‌ಟೈಪ್ ಫಾಂಟು ತಾನು ಯಾವ ಲಿಪಿಯದು ಎಂದು ನಾಲ್ಕು ಅಕ್ಷರದ ಗುರುತಿನಿಂದ ಹೇಳಿಕೊಳ್ಳುತ್ತದೆ. ಕನ್ನಡಕ್ಕೆ ಇಂಥ ಗುರುತು ಎರಡು: ಹಳೆಯದು ‘ಕೆಎನ್‌ಡಿಎ’, ಹೊಸದು ‘ಕೆಎನ್‌ಡಿ2’. ಹಳೆಯ ಗುರುತಿನ ಫಾಂಟು ಒತ್ತಕ್ಷರವನ್ನು ‘ವ್ಯಂಜನ, ಆಮೇಲೆ ವಿರಾಮ’ ಎಂಬ ಕ್ರಮದಲ್ಲಿ ಬಯಸುತ್ತದೆ; ವಿರಾಮವೆಂದರೆ ವ್ಯಂಜನದ ಸ್ವರವನ್ನು ಕಳೆಯುವ ಚಿಹ್ನೆ. ಹೊಸದು ‘ವಿರಾಮ, ಆಮೇಲೆ ವ್ಯಂಜನ’ ಎಂಬ ಯೂನಿಕೋಡ್ ಕ್ರಮವನ್ನೇ ಒಪ್ಪಿಕೊಳ್ಳುತ್ತದೆ. ಹಳೆಯ ಫಾಂಟಿಗಾಗಿ ಹಾರ್ಫ್‌ಬಝ್ ವಿರಾಮವನ್ನು ಎತ್ತಿ ಕೊನೆಯ ವ್ಯಂಜನದ ಆಚೆಗೆ ಸಾಗಿಸುತ್ತದೆ.

ಇಲ್ಲೊಂದು ತೊಡಕಿದೆ. ಗಜೇಂದ್ರಗಡದ ಹತ್ತಿರದ ಸೂಡಿ ಎಂಬ ಊರಿನ ವಿಳಾಸವನ್ನು ‘ಪೋಸ್ಟ್: ಸೂಡಿ’ ಎಂದು ಬರೆದಿದ್ದೇವೆ ಎನ್ನಿ. ಪೋಸ್ಟ್ ಎಂಬುದರ ಕೊನೆಯಲ್ಲಿ ಸ-ಗೆ ಟ ಒತ್ತು, ಅದರ ಮೇಲೆ ಮತ್ತೊಂದು ವಿರಾಮ. ಮೊದಲ ವಿರಾಮವನ್ನು ಟ-ದ ಆಚೆಗೆ ಸಾಗಿಸಿದರೆ ಎರಡು ವಿರಾಮಗಳು ಒಟ್ಟಿಗೆ ಬೀಳುತ್ತವೆ. ಮೈಕ್ರೋಸಾಫ್ಟಿನ ಯಂತ್ರ ಕನ್ನಡದಲ್ಲಿ ಹೀಗಾಗಲು ಬಿಡುತ್ತಿರಲಿಲ್ಲ. ದೇವನಾಗರಿ, ಬಂಗಾಳಿ, ಮಲಯಾಳಂಗಳಲ್ಲಿ ಬಿಡುತ್ತಿತ್ತು. ಹಾರ್ಫ್‌ಬಝ್ ಆ ನಡತೆಯನ್ನು ಹಾಗೆಯೇ ಅನುಸರಿಸಿ, ಲಿಪಿ ಕನ್ನಡವಾಗಿದ್ದರೆ ಎರಡು ವಿರಾಮ ಬೇಡ ಎಂಬ ಷರತ್ತನ್ನು ಬರೆದಿಟ್ಟಿದೆ.

ಇನ್ನೊಂದು ಷರತ್ತು ‘ರ‍್ಯಾಲಿ’ಯಂಥ ಪದಗಳದ್ದು. ನರಗುಂದದಲ್ಲಿ ರೈತ ರ‍್ಯಾಲಿಯ ಕರಪತ್ರ ಹಾಕಿಸುವವರು ರ-ಕ್ಕೆ ಯ ಒತ್ತು ಬರಲೆಂದು ಬಯಸುತ್ತಾರೆ, ಯ-ಕ್ಕೆ ಅರ್ಕಾವತ್ತು ಬರಲೆಂದಲ್ಲ. ಯೂನಿಕೋಡಿನಲ್ಲಿ ಅದಕ್ಕೆ ರ-ದ ಮುಂದೆ ಕಾಣದ ಕೂಡುಗುರುತೊಂದನ್ನು ಇಟ್ಟು ಆಮೇಲೆ ವಿರಾಮ ಇಡಬೇಕು. ಮೊದಮೊದಲು ಕೆಲವರು ವಿರಾಮ ಇಟ್ಟು ಆಮೇಲೆ ಕೂಡುಗುರುತು ಇಡುತ್ತಿದ್ದರು. ಆ ಹಳೆಯ ಬರವಣಿಗೆಯೂ ಸರಿಯಾಗಿ ಕಾಣಲೆಂದು, ಲಿಪಿ ಕನ್ನಡವಾಗಿದ್ದರೆ ಎರಡನ್ನೂ ಅದಲುಬದಲು ಮಾಡುವ ಸಾಲುಗಳು ಹಾರ್ಫ್‌ಬಝ್‌ನಲ್ಲಿ ಸೇರಿವೆ. ಕಾರಣವನ್ನು ಅಲ್ಲೇ ಬರೆದಿದ್ದಾರೆ: ಕನ್ನಡದ ಹಳೆಯ ಬಳಕೆಯೊಡನೆ ಹೊಂದಾಣಿಕೆಗಾಗಿ ಎಂದು.

ಈ ಎರಡು ಷರತ್ತುಗಳು ನೋಡಲು ಒಂದೇ ಬಗೆಯವು, ನಿವೃತ್ತಿಯ ದೃಷ್ಟಿಯಿಂದ ಒಂದೇ ಅಲ್ಲ. ಮೊದಲನೆಯದು ಫಾಂಟಿಗೆ ಅಂಟಿದ್ದು. ಹಳೆಯ ಗುರುತಿನ ಫಾಂಟುಗಳೆಲ್ಲ ಬಳಕೆ ತಪ್ಪಿದ ದಿನ ಅದನ್ನು ತೆಗೆಯಬಹುದು. ಪಠ್ಯಕ್ಕೆ ಏನೂ ಆಗುವುದಿಲ್ಲ, ಬೇರೆ ಫಾಂಟು ಹಾಕಿದರಾಯಿತು. ಎರಡನೆಯದು ಪಠ್ಯಕ್ಕೆ ಅಂಟಿದ್ದು. ಆ ಕ್ರಮದಲ್ಲಿ ಬರೆದ ಪಠ್ಯ ಎಲ್ಲೋ ಇದ್ದೇ ಇರುತ್ತದೆ, ಅದನ್ನು ತಿದ್ದಲು ಯಾರೂ ಹೋಗುವುದಿಲ್ಲ. ಹಾರ್ಫ್‌ಬಝ್ ಬರೆದ ಬೆಹದಾದ್ ಎಸ್ಫಹಬೋದ್ ಮತ್ತು ಸಂಗಡಿಗರು ಭಾರತೀಯ ಲಿಪಿಗಳ ಭಾಗವನ್ನು ವಿಕಿಪೀಡಿಯದಿಂದ ಆಯ್ದ ಲಕ್ಷಗಟ್ಟಲೆ ಪದಗಳ ಮೇಲೆ ಪರೀಕ್ಷಿಸಿದ್ದರು. ಅದು ದೊಡ್ಡ ಕೆಲಸ. ಆದರೆ ವಿಕಿಪೀಡಿಯದ ಪದಪಟ್ಟಿಯಲ್ಲಿ ಬಹುಮಟ್ಟಿಗೆ ಹುಟ್ಟಿನಿಂದಲೇ ಯೂನಿಕೋಡಾದ ಪಠ್ಯ ಸಿಗುತ್ತದೆ ಎಂಬುದನ್ನು ನೆನಪಿಡಬೇಕು. ಡಿಟಿಪಿ ಅಂಗಡಿಯ ಕನ್ನಡಕ್ಕೆ ಅಂಥ ಪಟ್ಟಿ ಇಲ್ಲ.

ಯೂನಿಕೋಡ್ ಮಾನಕವಂತೂ ತೆಗೆಯುವ ಮಾತನ್ನೇ ಆಡುವುದಿಲ್ಲ. ಸೂಡಿಯ ಚಾಲುಕ್ಯ ಶಾಸನಗಳನ್ನು ಟೈಪ್ ಮಾಡುವವರಿಗೆ ಬೇಕಾಗುವ ೞ ಅಕ್ಷರಕ್ಕೆ ಮಾನಕದಲ್ಲಿ ‘ಫ’ ಎಂಬರ್ಥ ಬರುವ ಹೆಸರು ಬಿದ್ದಿದೆ. ಅದು ತಪ್ಪೆಂದು ಎಲ್ಲರಿಗೂ ಗೊತ್ತು. ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ಪಕ್ಕದಲ್ಲಿ ಸರಿಯಾದ ಅಡ್ಡಹೆಸರನ್ನು ಸೇರಿಸಿ ಸುಮ್ಮನಾಗಿದ್ದಾರೆ.

ಪೈಥಾನ್ ಭಾಷೆಯ ಪ್ರಕರಣ ಹೆಚ್ಚು ಪ್ರಸಿದ್ಧ, ಆದ್ದರಿಂದ ಬೇಗ ಮುಗಿಸುತ್ತೇನೆ. ಕ್ರಿಸ್ಟಿಯನ್ ಹೈಮ್ಸ್ ಮತ್ತು ಬ್ರೆಟ್ ಕ್ಯಾನನ್ ಅವರ 594ನೇ ಪ್ರಸ್ತಾವದಂತೆ 2024ರ ಅಕ್ಟೋಬರಿನ 3.13ನೇ ಆವೃತ್ತಿಯಲ್ಲಿ 19 ಮಾಡ್ಯೂಲುಗಳು ಒಟ್ಟಿಗೆ ಹೊರಬಿದ್ದವು. ನ್ಯೂಸ್‌ಗ್ರೂಪ್ ಮಾಡ್ಯೂಲನ್ನು ತೆಗೆಯಲು ಕೊಟ್ಟ ಕಾರಣಗಳಲ್ಲಿ ಒಂದು, ಅದರ ಪರೀಕ್ಷೆಗಳು ಹೊರಗಿನ ಸರ್ವರುಗಳನ್ನು ನೆಚ್ಚಿಕೊಂಡಿದ್ದು ಆಗಾಗ ಕೈಕೊಡುತ್ತಿದ್ದವು ಎಂಬುದು. ವೇವ್ ಎಂಬ ಧ್ವನಿ ಮಾಡ್ಯೂಲು ಉಳಿದದ್ದು ಮಕ್ಕಳಿಗೆ ಪಾಠ ಹೇಳಲು ಒಳ್ಳೆಯದೆಂಬ ವಾದದಿಂದ. ಬಣ್ಣಗಳ ಲೆಕ್ಕದ ಪುಟ್ಟ ಮಾಡ್ಯೂಲು ಉಳಿದದ್ದು ಅದರಿಂದ ಯಾರಿಗೂ ತೊಂದರೆ ಇರಲಿಲ್ಲವಾದ್ದರಿಂದ. ಪ್ರತಿ ಮಾಡ್ಯೂಲಿಗೂ ಹೀಗೆ ಬೇರೆಬೇರೆ ಕಾರಣ ಬರೆದದ್ದೇ ಆ ಪ್ರಸ್ತಾವದ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ. ಹೊರಬಿದ್ದವುಗಳನ್ನು ಬೇಕಾದವರು ಪ್ರತ್ಯೇಕ ಪ್ಯಾಕೇಜುಗಳಾಗಿ ಉಳಿಸಿಕೊಂಡಿದ್ದಾರೆ.

ನಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ್ದು ಲಿಬ್ರೆಆಫೀಸಿನ ಇನ್ನೊಂದು ತೀರ್ಮಾನ. 2013ರ 4.0ನೇ ಆವೃತ್ತಿಯಲ್ಲಿ ಸ್ಟಾರ್‌ಆಫೀಸ್ ಕಾಲದ ಹಳೆಯ ಫೈಲುಗಳ ಬೆಂಬಲವನ್ನು ಪೂರ್ತಿ ಕಿತ್ತರು. ಆ ಕೋಡು ಭಾರಿಯಾಗಿತ್ತು, ಯಾರ ಹಿಡಿತಕ್ಕೂ ಸಿಗುತ್ತಿರಲಿಲ್ಲ, ಕಿತ್ತದ್ದು ಅರ್ಥವಾಗುವಂಥದ್ದೇ. ಆದರೆ ಕೆಲವೇ ವರ್ಷಗಳಲ್ಲಿ ಅದೇ ಫೈಲುಗಳನ್ನು ತೆರೆಯಲೆಂದು ಹೊಸದೊಂದು ಸಣ್ಣ ಲೈಬ್ರರಿಯನ್ನು ಬರೆದು ಸೇರಿಸಬೇಕಾಯಿತು. ಹೊಸದು ಓದುತ್ತದೆ, ಆ ರೂಪದಲ್ಲಿ ಬರೆಯುವುದಿಲ್ಲ. ಮೊದಲೇ ಬರೆಯುವ ಭಾಗವನ್ನು ಬಿಟ್ಟು ಓದುವ ಭಾಗವನ್ನಷ್ಟೇ ಬೇರ್ಪಡಿಸಿದ್ದರೆ ನಡುವಿನ ವರ್ಷಗಳಲ್ಲಿ ಆ ಫೈಲುಗಳವರು ಹಳೆಯ ಆವೃತ್ತಿಯನ್ನು ಹುಡುಕಿ ಹೋಗಬೇಕಾಗಿರಲಿಲ್ಲ.

ಇದರಿಂದ ಒಂದು ಕ್ರಮ ಹೊರಡುತ್ತದೆ. ಹಳೆಯ ರೂಪದಲ್ಲಿ ಬರೆಯುವ ಮಾಡ್ಯೂಲು ಮೊದಲು ಹೋಗಲಿ. ಓದುವ ಮಾಡ್ಯೂಲು ಎಲ್ಲಕ್ಕಿಂತ ಕೊನೆಗೆ. ಬರೆಯುವ ಮಾಡ್ಯೂಲು ದಿನವೂ ಹಳೆಯ ರೂಪದ ಹೊಸ ಫೈಲುಗಳನ್ನು ಹುಟ್ಟಿಸಿ ಓದುವ ಮಾಡ್ಯೂಲಿನ ಆಯುಷ್ಯವನ್ನು ಬೆಳೆಸುತ್ತ ಹೋಗುತ್ತದೆ.

ಕನ್ನಡದ ಪರಿವರ್ತಕಗಳಿಗೆ ಈ ಕ್ರಮವನ್ನು ನೇರವಾಗಿ ಹೊಂದಿಸಹೋದರೆ ಪೇಜ್‌ಮೇಕರ್ ಅಡ್ಡ ಬರುತ್ತದೆ. ಈಗಿನ ರೂಢಿ ಹೀಗಿದೆ: ಲಗ್ನದ ಮನೆಯವರು ಮೊಬೈಲಿನಲ್ಲಿ ಯೂನಿಕೋಡಿನಲ್ಲೇ ಬರೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರೆ, ಅಂಗಡಿಯವರು ಅದನ್ನು ನುಡಿಗೋ ಶ್ರೀಲಿಪಿಗೋ ತಿರುಗಿಸಿ ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕೆ ಅಂಟಿಸುತ್ತಾರೆ. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿಯ ಇನ್‌ಡಿಸೈನಿನಲ್ಲಿ ಕನ್ನಡ ಯೂನಿಕೋಡ್ ಸರಿಯಾಗಿ ಕೂರುವ ಏರ್ಪಾಡು 2012ರ ಸಿಎಸ್6ರಲ್ಲಿ ಬಂತು. ಆದರೆ ಹಳೆಯದರಲ್ಲೇ ಕೈ ಪಳಗಿದವರಿಗೆ, ಬಗೆಬಗೆಯ ಅಲಂಕಾರದ ಫಾಂಟುಗಳನ್ನು ಆಸ್ಕಿಯಲ್ಲೇ ಕೂಡಿಹಾಕಿಕೊಂಡವರಿಗೆ ಬದಲಾಗುವುದು ಸಲೀಸಲ್ಲ. ಹೀಗಾಗಿ ಯೂನಿಕೋಡಿನಿಂದ ಆಸ್ಕಿಗೆ ತಿರುಗಿಸುವ ಮಾಡ್ಯೂಲು, ನಾವು ಮೊದಲು ಹೋಗಲಿ ಎಂದದ್ದು, ಬಳಕೆಯ ಎಣಿಕೆಯಲ್ಲಿ ಮುಂದೆ ಬರುವುದು ಸಹಜ. ಆಸ್ಕಿಯನ್ನು ಓದುವ ಮಾಡ್ಯೂಲು ವರ್ಷಕ್ಕೊಮ್ಮೆ ಯಾರೋ ಹಳೆಯ ಸ್ಮರಣಸಂಚಿಕೆ ತೆರೆದಾಗ ಬೇಕಾಗುತ್ತದೆ. ಎಣಿಕೆಯನ್ನು ನಂಬಿದವರು ಇಲ್ಲಿ ಎರಡನೆಯದನ್ನು ತೆಗೆದು ಮೊದಲನೆಯದನ್ನು ಉಳಿಸುತ್ತಾರೆ.

ನನ್ನ ಸಲಹೆ ಬೇರೆ. ಬರೆಯುವ ಮಾಡ್ಯೂಲನ್ನು ಲೈಬ್ರರಿಯ ನಡುಮನೆಯಿಂದ ಹೊರಗಿಟ್ಟು ಪ್ರತ್ಯೇಕ ಪ್ಯಾಕೇಜಾಗಿ ಕೊಡಬೇಕು. ಬೇಕಾದ ಅಂಗಡಿಯವರು ಹಾಕಿಕೊಳ್ಳಲಿ. ಅದರಲ್ಲಿ ಹೊಸ ಸೌಲಭ್ಯ ಸೇರಿಸಬಾರದು, ದೋಷ ತಿದ್ದಿದರೆ ಸಾಕು. ಓದುವ ಮಾಡ್ಯೂಲು ಒಳಗೇ ಇರಲಿ, ಅದಕ್ಕೆ ತೆಗೆಯುವ ದಿನಾಂಕ ಬೇಡ. ನುಡಿ, ಬರಹಗಳ ಕೋಷ್ಟಕಗಳ ಬಗ್ಗೆ ಚರ್ಚೆಯೇ ಬೇಡ. ಶ್ರೀಲಿಪಿ, ಆಕೃತಿಗಳಂಥ ಖಾಸಗಿ ವ್ಯವಸ್ಥೆಗಳ ಕೋಷ್ಟಕಗಳನ್ನು ಕೋಡಿನೊಳಗೆ ಹೆಣೆಯದೆ ಬರೀ ದತ್ತಾಂಶದ ಫೈಲುಗಳಾಗಿ ಇಡಬೇಕು, ಪ್ರತಿಯೊಂದರ ಮೇಲೂ ಅದು ಯಾವ ಫಾಂಟಿನದು ಎಂದು ಬರೆದಿರಬೇಕು. ಅರ್ಕಾವತ್ತಿನ ನಿಯಮ ಎಲ್ಲಕ್ಕೂ ಒಂದೇ ಕಡೆ ಇದ್ದರೆ ನಿರ್ವಹಣೆಯ ಹೊರೆ ಬಹಳ ಇಳಿಯುತ್ತದೆ. ಮಾಡ್ಯೂಲು ಭಾರವೆಂದು ತೆಗೆಯಹೊರಟವರು ಮೊದಲು ಈ ಬೇರ್ಪಡಿಕೆ ಮಾಡಿ ನೋಡಲಿ. ಭಾರ ಯಾವುದರದು ಎಂಬುದು ಆಗ ತಾನೇ ಕಾಣುತ್ತದೆ.

ಪರೀಕ್ಷೆಯ ಪದಪಟ್ಟಿಯಲ್ಲಿ ರೋಣ, ಗಜೇಂದ್ರಗಡ, ಘೋರ್ಪಡೆ, ದುರ್ಗಸಿಂಹ, ಪೋಸ್ಟ್, ರ‍್ಯಾಲಿ ಇಷ್ಟಿದ್ದರೂ ಮೇಲೆ ಹೇಳಿದ ತೊಡಕುಗಳೆಲ್ಲ ಹಿಡಿತಕ್ಕೆ ಬರುತ್ತವೆ. ಊರ ಹೆಸರುಗಳಿಂದ ಇನ್ನೊಂದು ಉಪಯೋಗವಿದೆ. ಆಸ್ಕಿ ಫೈಲುಗಳ ಮೇಲಿನ ದಿನಾಂಕ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಪ್ರತಿ ಮಾಡುವಾಗ ಕೆಟ್ಟಿರುವುದೇ ಹೆಚ್ಚು. ಆದರೆ ಒಳಗಿನ ವಿಳಾಸ ಕಾಲವನ್ನು ಹೇಳುತ್ತದೆ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಗಜೇಂದ್ರಗಡ ತಾಲ್ಲೂಕು ಕೆಲಸ ಆರಂಭಿಸಿದ್ದು 2018ರ ಸುಮಾರಿಗೆ. ಮೊದಲು ರೋಣ ತಾಲ್ಲೂಕಿನಲ್ಲಿದ್ದು ಆಮೇಲೆ ಈ ಹೊಸ ತಾಲ್ಲೂಕಿಗೆ ಸೇರಿದ ಸೂಡಿಗೋ ನರೇಗಲ್ಲಿಗೋ ‘ತಾ: ರೋಣ, ಜಿ: ಗದಗ’ ಎಂದು ಬರೆದಿದ್ದರೆ ಫೈಲು ಬಹುಮಟ್ಟಿಗೆ ಈ ಎರಡು ವರ್ಷಗಳ ನಡುವಿನದು. ‘ಜಿ: ಧಾರವಾಡ’ ಎಂದಿದ್ದರೆ ಅದಕ್ಕಿಂತ ಹಿಂದಿನದು, ಆಗ ನುಡಿಯ ಕೋಷ್ಟಕವನ್ನು ಹಚ್ಚುವುದೇ ವ್ಯರ್ಥ, ಹಳೆಯ ಮುದ್ರಣ ವ್ಯವಸ್ಥೆಗಳಲ್ಲಿ ಒಂದನ್ನು ಹಿಡಿಯಬೇಕು. ಆದರೆ ಈ ಸುಳಿವು ಸಿಗಬೇಕಾದರೆ ವಿಳಾಸದ ಸಾಲನ್ನಾದರೂ ಓದುವಂತಿರಬೇಕು. ಯಾವ ಕೋಷ್ಟಕ ಎಂದು ತಿಳಿಯದ ಫೈಲಿನ ಮೇಲೆ ಒಂದೊಂದನ್ನೂ ಹಚ್ಚಿ ‘ತಾ’, ‘ಜಿ’ ಎಂಬ ಗುರುತುಗಳು ಮೂಡುತ್ತವೆಯೇ ಎಂದು ನೋಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಕೊನೆಗೆ ಮುನ್ಸೂಚನೆಯ ವಿಷಯ. ಪೈಥಾನಿನಲ್ಲಿ ಒಂದು ಮಾಡ್ಯೂಲು ನಿವೃತ್ತಿಯಾಗಲಿದೆ ಎಂಬ ಎಚ್ಚರಿಕೆ ಸಾಮಾನ್ಯವಾಗಿ ಬಳಕೆದಾರನ ಕಣ್ಣಿಗೆ ಬೀಳುವುದಿಲ್ಲ; 3.2ರಿಂದ ಅದನ್ನು ಮರೆಮಾಡಿಯೇ ಇಟ್ಟಿದ್ದಾರೆ, 3.7ರ ಮೇಲೆ ನೇರವಾಗಿ ಓಡಿಸಿದ ಪ್ರೋಗ್ರಾಮಿನಲ್ಲಿ ಮಾತ್ರ ಕಾಣುತ್ತದೆ. ಪ್ರೋಗ್ರಾಮರಿಗೆ ಹೇಳಬೇಕಾದ್ದನ್ನು ಗ್ರಾಹಕರಿಗೆ ಹೇಳಿ ಗಾಬರಿಪಡಿಸಬಾರದೆಂಬ ಉದ್ದೇಶ ಅದರದು. ಕನ್ನಡ ಪರಿವರ್ತಕದಲ್ಲಿ ಲೈಬ್ರರಿ ಬರೆದವರಿಗೂ ಬಳಸುವವರಿಗೂ ನಡುವೆ ಅಂಥ ಪ್ರೋಗ್ರಾಮರು ಯಾರೂ ಇಲ್ಲ. ಲೈಬ್ರರಿ ಬರೆದವರು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ, ಬಳಸುವವರು ಗಜೇಂದ್ರಗಡದ ಅಂಗಡಿಯಲ್ಲಿ ಪೆಟ್ಟಿಗೆಯೊಂದರಲ್ಲಿ ಪಠ್ಯ ಅಂಟಿಸಿ ಗುಂಡಿ ಒತ್ತುತ್ತಾರೆ. ಸೂಚನೆ ಆ ಪೆಟ್ಟಿಗೆಯ ಪಕ್ಕದಲ್ಲೇ, ಕನ್ನಡದಲ್ಲಿ, ಬರೆಯುವ ಮಾಡ್ಯೂಲನ್ನು ಹೊರಗಿಡುವ ದಿನಕ್ಕೆ ಕನಿಷ್ಠ ಎರಡು ಲಗ್ನದ ಹಂಗಾಮುಗಳ ಮುಂಚೆಯೇ ಕಾಣಿಸಿಕೊಳ್ಳಬೇಕು. ಹಳೆಯ ಫೈಲುಗಳನ್ನೆಲ್ಲ ಒಟ್ಟಿಗೆ ಯೂನಿಕೋಡಿಗೆ ತಿರುಗಿಸಿಕೊಳ್ಳುವ ಗುಂಡಿಯೊಂದು ಅದರ ಕೆಳಗೇ ಇರಬೇಕು.